ತಿರುವಿನಲ್ಲಿ ತಗಡಿನ ಗೂಡು

ಮಾಯ್ವೆ ಸರೋವರ, ಆಚೆ ದಡ
2 ಮಾರ್ಚ್ 1994

ಅಮ್ಮಾ,

ಆರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರಕ್ಕಲ್ಲ.

ಹಿಟ್ಟಿನ ಲಾರಿಯ ಸೆಗುಂದೊ ಮೊನ್ನೆ ಸರೋವರ ದಾಟಿಸುವ ನಮ್ಮ ಬಾರ್ಜ್ ಹತ್ತಿದ. ನಾನು ಹಗ್ಗ ಬಿಚ್ಚುತ್ತಿದ್ದೆ. ಮುಖ ನೋಡಿದವನೇ ಹೆಗಲ ಮೇಲಿನ ಮೂಟೆಯನ್ನು ನೀರಿಗೆ ಬಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಂಡ.

"ನೀನು ಓಯಾರ್ಸೊ ಅವರ ಮಗಳು ಮಿರ್ತಾ ಅಲ್ವಾ? ನೀನು ಸತ್ತೋಗಿದೀಯಲ್ಲೇ!"

"ಯಾರು ಹೇಳಿದ್ದು?"

"ಯಾರು ಹೇಳೋದೇನು? ರಾಂಕೊ ಸರೋವರದ ದಾರೀಲಿ, ಕೊಯ್ವೆ ಮರದ ತಿರುವಲ್ಲಿ, ನಿನ್ನ ಗೂಡಿದೆ. ಹೆಸರಿದೆ, ಫೋಟೊ ಇದೆ. ಬಸ್ಸು ಹಳ್ಳಕ್ಕೆ ಬಿದ್ದು ಹೋದ್ಲು ಅಂತಾರೆ. ನಾನೇ ಮೇಣದ ಬತ್ತಿ ಹಚ್ಚಿ ನಮ್ಮವ್ವನ ಮಂಡಿಗೆ ಹರಕೆ ಹೊತ್ತಿದ್ದೆ ಕಣೇ."

ಮಂಡಿ ವಾಸಿಯಾಯಿತಂತೆ. ನಾನು ಬದುಕಿರುವುದನ್ನು ನೋಡಿ ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ನೋವು ಮತ್ತೆ ಬಂದೀತು ಎಂದು.

ರಸ್ತೆಯಲ್ಲಿ ಅಕಾಲ ಮರಣಕ್ಕೆ ಸಿಕ್ಕವರ ಆತ್ಮಕ್ಕೆ ಕಟ್ಟುವ ಗೂಡನ್ನು, ಉಸಿರಾಡುತ್ತಿರುವವಳಿಗೆ ಕಟ್ಟಿದ ಕೈ ಯಾರದು ಎಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಮನೆ ಬಿಟ್ಟು ಎಲಿಯೆಸೆರನ ಜೊತೆ ನಾನು ಲಾರಿ ಹತ್ತಿದ್ದು ಅದೇ ತಿರುವಿನಲ್ಲಿ.

ಅಪ್ಪನಿಗೆ ಹೋದ ಚಳಿಗಾಲ ಲಕ್ವ ಹೊಡೆದ ಸುದ್ದಿ ಕೇಳಿದೆ. ಆದರೂ ಈ ವರ್ಷವೂ ಡೇರೆ ಕಟ್ಟಿಕೊಂಡು ಸರೋವರಗಳ ಸುತ್ತು ಹೊರಟಿದ್ದೀರಂತೆ. ಹಾಗಾದರೆ ತಿರುವಿಗೆ ಬರುತ್ತೀರಿ. ನಾನು ದಾಟಿ ಬರುತ್ತೇನೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು "ಬಂದೆಯಾ" ಅಂದರೆ ಸಾಕು. ನಿಮ್ಮಿಂದ ಬೇರೇನೂ ಕೇಳುವುದಿಲ್ಲ.

ಮಿರ್ತಾ


ಲಾ ಉನಿಯೋನ್
11 ಮಾರ್ಚ್

ಮಿರ್ತಾ,

ಗೂಡು ನಾನೇ ಕಟ್ಟಿಸಿದ್ದು. ಹಲಗೆ ಒಳ್ಳೆಯ ಮರದ್ದು, ತಗಡು ಹೊಸದು, ಬಣ್ಣ ನೀಲಿ. ನೀನು ಚರ್ಚಿನಲ್ಲಿ ಮೊದಲ ಪ್ರಸಾದ ಪಡೆದ ದಿನದ ಫೋಟೊಗೆ ಗಾಜು ಹಾಕಿಸಿದ್ದೇನೆ. ಆ ದಾರಿಯಲ್ಲಿ ಅದಕ್ಕಿಂತ ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ನಾನು ಮಾಡಿದ್ದು ಯಾವುದೂ ಕಳಪೆಯಾಗಿಲ್ಲ, ನಿನ್ನೊಬ್ಬಳನ್ನು ಬಿಟ್ಟರೆ.

ಏಕೆ ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಲಕ್ವದಿಂದ ನಿನ್ನಪ್ಪನ ಕೈಕಾಲು ಉಳಿಯಿತು, ನೆನಪು ತೂತು ಬಿತ್ತು. ಬೆಳಿಗ್ಗೆ ಎದ್ದರೆ "ಮಿರ್ತಾ ಎಲ್ಲಿ?" ನಾನು ಹೇಳಬೇಕು: ವಾಲ್ದಿವಿಯಾದಲ್ಲಿ ಹೆಂಡತಿಯನ್ನಿಟ್ಟುಕೊಂಡಿರುವ ಬಾರ್ಜಿನವನ ಜೊತೆ ಓಡಿಹೋದಳು. ಈ ದೇಶದಲ್ಲಿ ಮದುವೆಯ ಗಂಟು ಬಿಚ್ಚುವ ಕಾನೂನಿಲ್ಲ, ಹಾಗಾಗಿ ಮಿರ್ತಾ ಸಾಯುವವರೆಗೂ ಅವನು ಇಟ್ಟುಕೊಂಡವಳೇ. ಅವರು ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಮರುದಿನ ಮತ್ತೆ "ಮಿರ್ತಾ ಎಲ್ಲಿ?" ಪ್ರತಿ ಬೆಳಿಗ್ಗೆ ಅವರಿಗೆ ಅದು ಹೊಸ ಸುದ್ದಿ. ಒಂದು ದಿನ ನನಗೆ ಸಾಕಾಯಿತು. "ಸತ್ತಳು" ಎಂದೆ. ಆ ಮಾತು ಅವರ ತಲೆಯಲ್ಲಿ ನಿಂತಿತು. ಅದೊಂದೇ ನಿಂತಿತು. ಸತ್ತ ಮಗಳಿಗೆ ದೀಪ ಹಚ್ಚಬಹುದು. ಓಡಿಹೋದವಳಿಗೆ ಏನು ಹಚ್ಚುವುದು?

ಕಾಯಿಲೆ ಅವರಿಗೆ ಮರ್ಯಾದೆಯನ್ನೂ ಕಲಿಸಿದೆ. ಮೂವತ್ತೆಂಟು ವರ್ಷ "ಏಯ್ ಎರ್ಸಿಲಿಯಾ" ಎಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗುತ್ತಿದ್ದವರು ಈಗ ದೊಡ್ಡ ಮನೆಯ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು "ದೋನ್ಯಾ" ಎನ್ನುತ್ತಾರೆ, "ನೀವು" ಎನ್ನುತ್ತಾರೆ. ತಡವಾಯಿತು, ಆದರೂ ಬಂತಲ್ಲ.

ಬಲ್ಲ ಜಾಗಗಳಿಗೆ ಕರೆದುಕೊಂಡು ಹೋಗಿ, ನೆನಪು ಮರಳಬಹುದು ಎಂದು ಡಾಕ್ಟರು ಹೇಳಿದರು. ಮದುವೆಯಾದಾಗಿನಿಂದ ಪ್ರತಿ ಮಾರ್ಚ್‌ನಲ್ಲಿ ಸರೋವರದಿಂದ ಸರೋವರಕ್ಕೆ ಡೇರೆ ಹಾಕುತ್ತ, ಮರ ಕೊಯ್ಯುವ ಗಿರಣಿಗಳ ಗರಗಸಕ್ಕೆ ಸಾಣೆ ಹಿಡಿದುಕೊಂಡು ಹೋದವರು ಅವರು. ಈ ಸಲ ಪಿಕಪ್ ನಾನು ಓಡಿಸುತ್ತೇನೆ. ಅವರಿಗೆ ನೆನಪು ಬರಲಿ, ನನ್ನ ಗಂಡ ನನಗೆ ಸಿಗಲಿ ಎಂದು ಹೊರಟಿದ್ದೇನೆ. ನಡುವೆ ನೀನು ಬರಬೇಡ. ಸತ್ತವಳು ಎದುರಿಗೆ ನಿಂತರೆ ಅವರ ಗುಂಡಿಗೆ ಒಡೆಯುತ್ತದೆ. ಆಗ ಎರಡನೆಯ ಗೂಡು ಕಟ್ಟಿಸುತ್ತೇನೆ, ಅದರ ಮೇಲೆ ಕೊಂದವಳ ಹೆಸರನ್ನೂ ಬರೆಸುತ್ತೇನೆ.

ಉತ್ತರ ಬರೆಯಲೇಬೇಕೆಂದಿದ್ದರೆ ಪಾಂಗಿಪುಯಿ ಅಂಚೆ ಕಚೇರಿಗೆ ಹಾಕು, ಅಲ್ಲಿ ಕೇಳಿ ಪಡೆಯುತ್ತೇನೆ. ಲಕೋಟೆಯ ಮೇಲೆ ನಿನ್ನ ಹೆಸರು ಬೇಡ. ಸತ್ತವರು ಕಾಗದ ಬರೆಯುವುದಿಲ್ಲ.

ಎರ್ಸಿಲಿಯಾ ವಾರ್ಗಾಸ್ ದೆ ಓಯಾರ್ಸೊ


ಕಲಾಫ್ಕೆನ್ ಸರೋವರದ ದಂಡೆ
21 ಮಾರ್ಚ್

ಮಿರ್ತಾ,

ಮಳೆ. ಹೊರಟಾಗಿನಿಂದ ಬಿಟ್ಟದ್ದು ಒಂದೇ ಸಲ. ಹಂದಿ (ನಿನ್ನಪ್ಪ ಪಿಕಪ್ಪಿಗೆ ಇಟ್ಟ ಹೆಸರು ನಿನಗೆ ನೆನಪಿರಬಹುದು) ಎರಡು ಸಲ ಕೆಸರಿನಲ್ಲಿ ಕೂತಿತು. ಎರಡು ಸಲವೂ ನಾನೇ ಚಕ್ರದ ಕೆಳಗೆ ಕೊಂಬೆ ಹಾಕಿ ಎಬ್ಬಿಸಿದೆ. ಕರಿ ಮರಳಿನ ಮೇಲೆ ಡೇರೆ ಹಾಕಿ ಸುತ್ತ ಕಾಲುವೆ ತೋಡಿದ್ದೇನೆ. ಜ್ವಾಲಾಮುಖಿ ಒಂದು ದಿನವೂ ಮೋಡದಿಂದ ಹೊರಗೆ ಬಂದಿಲ್ಲ. ಆದರೂ ನಿನ್ನಪ್ಪ ಬೆಳಿಗ್ಗೆ ಎದ್ದು ಅದು ಇರಬೇಕಾದ ಕಡೆಗೆ ಟೋಪಿ ತೆಗೆದು "ಹೇಗಿದೀಯಪ್ಪಾ ಮುದುಕಾ" ಎನ್ನುತ್ತಾರೆ. ದಿಕ್ಕು ತಪ್ಪುವುದಿಲ್ಲ. ಅದು ಉಗುಳಿದ, ತೇಲುವ ಕಲ್ಲುಗಳನ್ನು ಆರಿಸಿ ನೀರಿಗೆ ಬಿಡುತ್ತಾರೆ. ಡಾಕ್ಟರು ಹೇಳಿದ್ದು ನಿಜ, ಒಂದೊಂದೇ ಮರಳುತ್ತಿದೆ.

ಸಭ್ಯತೆಯಂತೂ ಕೇಳಬೇಡ. ಡೇರೆಯ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ, ದೋನ್ಯಾ?" ಎಂದು ಕೇಳಿಯೇ ಬೂಟು ಬಿಡುತ್ತಾರೆ. ಮಲಗುವಾಗ ಕ್ಯಾನ್‌ವಾಸಿನ ಕಡೆ ಮುಖ ಮಾಡಿ ನಡುವೆ ಜಾಗ ಬಿಡುತ್ತಾರೆ. ಮದುವೆಯ ಹೊಸದರಲ್ಲೂ ಇಷ್ಟು ಸಭ್ಯರಾಗಿರಲಿಲ್ಲ. ಮೊದಲು ಮಾಟೆ ಕಷಾಯದ ಸೋರೆಬುರುಡೆಯನ್ನು ನನ್ನ ಕೈಯಿಂದ ಕಸಿದು, ಮತ್ತೆ ತುಂಬು, ಮತ್ತೆ ತುಂಬು ಎನ್ನುತ್ತಿದ್ದರು. ಈಗ ಒಮ್ಮೆ ಹೀರಿ "ಧನ್ಯವಾದ, ದೋನ್ಯಾ" ಎಂದು ವಾಪಸು ಕೊಡುತ್ತಾರೆ. ಧನ್ಯವಾದ ಎಂದವರಿಗೆ ಮತ್ತೆ ತುಂಬುವ ಹಾಗಿಲ್ಲ. ಕಂಡವರ ಮನೆಯಲ್ಲಿ ಕೂತ ಹಾಗೆ ಸಂಕೋಚ. ಸೊಪ್ಪೂ ಉಳಿಯುತ್ತದೆ.

ಪಕ್ಕದಲ್ಲಿ ಸಾಂತಿಯಾಗೊದ ಜೋಡಿಯೊಂದು ಡೇರೆ ಹಾಕಿದೆ. ಡೇರೆಯಲ್ಲ, ಕರ್ಚೀಫು. ಮಳೆಯ ದಿನವೆಂದು ನಾನು ಕರಿದ ಕುಂಬಳಕಾಯಿ ಪೂರಿಯ ವಾಸನೆಗೆ ಇಬ್ಬರೂ ನಮ್ಮ ಬೆಂಕಿಯ ಹತ್ತಿರ ಬಂದು ಕೂತರು. ಹುಡುಗಿ ಬಾಯಿಬಡುಕಿ.

"ತಾತ, ನಿಮಗೆ ಮಕ್ಕಳೆಷ್ಟು?"

"ಒಬ್ಬಳೇ ಮಗಳಮ್ಮ. ತಿರುವಲ್ಲಿದಾಳೆ."

"ತಿರುವಲ್ಲಿ ಅಂದ್ರೆ? ಅಂಗಡಿ ಇಟ್ಟಿದಾರಾ?"

"ಆತ್ಮ ಆಗಿದಾಳೆ. ಕೇಳಿದ್ದು ಕೊಡ್ತಾಳೆ. ಏನು ಬೇಕು ನಿಂಗೆ, ಸಂಕೋಚ ಬೇಡ, ಹೇಳು."

ಹುಡುಗಿಯ ಮುಖ ಸುಟ್ಟ ಹಾಗಾಯಿತು. ಹುಡುಗ ತಮಾಷೆಗೆ, "ಈ ಮಳೆ ನಿಲ್ಲಿಸೋಕಾಗುತ್ತಾ ತಾತ?" ಎಂದ. ನಿನ್ನಪ್ಪ ಕಣ್ಣು ಮುಚ್ಚಿ ನಿನ್ನ ಹೆಸರು ಹೇಳಿದರು. ಊಟದ ಹೊತ್ತಿಗೆ ಬಿಸಿಲು ಬಂತು. ಅವರಿಬ್ಬರೂ ವೈನ್ ಬಾಟಲಿ ತಂದು ನಿನ್ನಪ್ಪನ ಕಾಲ ಬಳಿ ಇಟ್ಟರು.

ಬದುಕಿದ್ದಾಗ ನೀನು, ಬಟ್ಟೆ ಒಳಗೆ ತಾ ಎಂದರೆ ಮಳೆ ನಿಂತ ಮೇಲೆ ತರುತ್ತಿದ್ದೆ. ಸತ್ತ ಮೇಲೆ ಕೆಲಸಕ್ಕೆ ಬಂದಿದ್ದೀಯ. ಹಾಗೆಯೇ ಇರು.

ಎರ್ಸಿಲಿಯಾ ವಾರ್ಗಾಸ್ ದೆ ಓಯಾರ್ಸೊ


ಮಾಯ್ವೆ
24 ಮಾರ್ಚ್

ಅಮ್ಮಾ,

ನಿಮ್ಮ ಎರಡು ಕಾಗದವನ್ನೂ ಎಲಿಯೆಸೆರ್ ಓದಿದ. ಓದಿ, "ನಿಮ್ಮಮ್ಮ ಬಾರ್ಜ್ ನಡೆಸಬೇಕಿತ್ತು, ಈ ಸರೋವರವೇ ಹೆದರಿ ದಾರಿ ಬಿಡ್ತಿತ್ತು" ಅಂದ. ನನಗೆ ನಗು ಬರಲಿಲ್ಲ.

ನಾನು ಬರುತ್ತೇನೆ. ಯಾವ ದಿನ ಎಂದು ನೀವು ಹೇಳುವುದಿಲ್ಲವೆಂದು ಗೊತ್ತು. ಅದಕ್ಕೇ ಈ ಶನಿವಾರವೇ ಹೋಗಿ ಮರದ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂರುತ್ತೇನೆ. ನನ್ನ ಗೂಡಿನ ಪಕ್ಕದಲ್ಲೇ. ಎಷ್ಟು ದಿನವಾದರೂ ಸರಿ.

ಅಪ್ಪ ನನ್ನನ್ನು ಮುಟ್ಟಿ ನೋಡಲಿ. ಬಿಸಿಯಾಗಿದ್ದೇನೆ ಎಂದು ಗೊತ್ತಾಗಲಿ. ಆಮೇಲೆ ಓಡಿಹೋದವಳು ಎಂದು ಬೈಯಲಿ, ಹೊಡೆಯಲಿ. ಬದುಕಿರುವವಳಿಗೆ ಬೈಯಲಿ ಅಂತ ನನ್ನ ಆಸೆ. ಅದನ್ನೂ ಕಿತ್ತುಕೊಂಡಿರಿ.

ಮಿರ್ತಾ


ರಿನ್ಯಿವೆ ಸರೋವರ
30 ಮಾರ್ಚ್

ಮಿರ್ತಾ,

ನಿನ್ನ ಕಾಗದ ಸಿಕ್ಕಿತು. ಪಾಂಗಿಪುಯಿಯ ಅಂಚೆಯವಳು "ಯಾರಮ್ಮ ಬರೆದಿರೋದು, ಹೆಸರೇ ಇಲ್ಲ" ಎಂದಳು. "ಹೆಸರಿಲ್ಲದವಳು" ಎಂದೆ.

ನಾವು ತಿರುವಿನ ದಾರಿಯಲ್ಲಿ ಬರುವುದಿಲ್ಲ. ರಾಂಕೊ ಬಿಟ್ಟು ನೇರ ಮನೆಗೆ ಹೋಗುತ್ತೇವೆ. ನೀನು ಪ್ಲಾಸ್ಟಿಕ್ ಕಟ್ಟಿಕೊಂಡು ಕೂರುವುದಾದರೆ ಕೂರು. ಗೂಡಿಗೆ ಬರುವವರು ನಿನ್ನ ಮುಂದೆಯೂ ಒಂದು ಬತ್ತಿ ಇಟ್ಟು ಹೋಗಲಿ.

ಎ. ವಾರ್ಗಾಸ್ ದೆ ಓಯಾರ್ಸೊ


ಲಾ ಉನಿಯೋನ್
12 ಏಪ್ರಿಲ್

ಮಿರ್ತಾ,

ಗೆದ್ದೆ ಎಂದುಕೊಳ್ಳಬೇಡ. ತಿರುವಿನ ದಾರಿ ಹಿಡಿದದ್ದು ನಾನಲ್ಲ. ಕವಲಿನಲ್ಲಿ ಮನೆಯ ಕಡೆ ತಿರುಗಿಸಿದೆ. ನಿನ್ನಪ್ಪ "ಬತ್ತಿ ಹಚ್ಚದೆ ನಾನು ಬರಲ್ಲ, ದೋನ್ಯಾ, ನೀವು ಬೇಕಾದ್ರೆ ಹೋಗಿ" ಎಂದು ಬಾಗಿಲು ತೆರೆದು ಆ ಮಳೆಯಲ್ಲಿ ಇಳಿದು ನಡೆದರು. ಗಂಡನನ್ನು ರಸ್ತೆಯಲ್ಲಿ ಬಿಟ್ಟು ಬಂದಳು ಎಂದು ನನ್ನ ಬಗ್ಗೆ ಯಾರೂ ಹೇಳಬಾರದು. ಹತ್ತಿಸಿಕೊಂಡು ಬಂದೆ.

ಮರದ ಕೆಳಗೆ ನಿನ್ನ ಪ್ಲಾಸ್ಟಿಕ್ ಹಾಳೆ ಕಂಡಿತು. ಹಸಿ ಕಟ್ಟಿಗೆಯ ಹೊಗೆಯೂ ಕಂಡಿತು. ಬೆಂಕಿ ಹಾಕುವುದನ್ನೂ ನೀನು ಕಲಿಯಲಿಲ್ಲ.

ನಾನು ಇಳಿಯಲಿಲ್ಲ. ಆ ಗೂಡಿನ ಹತ್ತಿರ ನಾನು ಎಂದೂ ಇಳಿಯುವುದಿಲ್ಲ. ಸುಳ್ಳಿನ ಮುಂದೆ ಮೊಣಕಾಲೂರುವ ಅಭ್ಯಾಸ ನನಗಿಲ್ಲ. ಅವರು ಬತ್ತಿಯನ್ನು ಟೋಪಿಯೊಳಗೆ ಇಟ್ಟುಕೊಂಡು ಹೋದರು. ಹಂದಿಯ ವೈಪರ್ ಕೆಟ್ಟಿತ್ತು, ಗಾಜು ಮಂಜಾಗಿತ್ತು. ಎರಡು ಆಕಾರ ಕಂಡವು. ಅವರು ಮೊಣಕಾಲೂರಿದರು, ನೀನೂ ಊರಿದೆ. ನಾನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾದೆ, ಈಗ ಬೀಳುತ್ತಾರೆ, ಈಗ ಬೀಳುತ್ತಾರೆ ಎಂದು. ಬೀಳಲಿಲ್ಲ. ಎದ್ದು ನೆಟ್ಟಗೆ ನಡೆದು ಬಂದು ನನ್ನ ಗಾಜು ತಟ್ಟಿದರು.

"ಮಗು ನೆನೆದು ಹೋಗಿದೆ, ದೋನ್ಯಾ. ಸೂರು ಸೋರ್ತಿರಬೇಕು. ಸುತ್ತಿಗೆ ಇದ್ರೆ ಕೊಡ್ತೀರಾ?"

ಕೊಟ್ಟೆ. ಅವರು ತಗಡಿಗೆ ಮೊಳೆ ಹೊಡೆದರು. ಮೊಳೆ ಎತ್ತಿ ಕೊಡುತ್ತಿದ್ದವಳು ನೀನೇ ಇರಬೇಕು. ವಾಪಸು ಬಂದ ಮೇಲೆ ಕೇಳಿದೆ, ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು. "ಅದು ನಮ್ಮ ಮನೆ ವಿಷಯ, ದೋನ್ಯಾ" ಎಂದರು.

ಅಂದಿನಿಂದ ಅವರು ನೆಮ್ಮದಿಯಾಗಿದ್ದಾರೆ. ಸಾಣೆ ಹಿಡಿಯುವಾಗ ಹಾಡುತ್ತಿದ್ದ ಹಾಡನ್ನು ಮತ್ತೆ ಗುನುಗುತ್ತಾರೆ. ನನಗೆ ಏನೂ ಹೇಳುವುದಿಲ್ಲ. ನನ್ನ ಗಂಡ ಏನು ಬೇಡಿಕೊಂಡರು ಎಂದು ತಿಳಿಯುವ ಹಕ್ಕು ನನಗಿದೆ. ಬರೆ. ಇದು ವಿನಂತಿಯಲ್ಲ.

ಎರ್ಸಿಲಿಯಾ ವಾರ್ಗಾಸ್ ದೆ ಓಯಾರ್ಸೊ


ಮಾಯ್ವೆ
25 ಏಪ್ರಿಲ್

ಅಮ್ಮಾ,

ಬರೆಯಬಾರದು ಎಂದುಕೊಂಡಿದ್ದೆ. "ಬರೆಯಬೇಡ, ಅವರೂ ಮುದುಕಿ" ಅಂತ ಎಲಿಯೆಸೆರ್ ಕೂಡ ಅಂದ. ಆದರೆ ಆ ಮರದ ಕೆಳಗೆ ನೆನೆದದ್ದು ನೆನಪಾದಾಗಲೆಲ್ಲ ಪೆನ್ನು ಕೈಗೆ ಬರುತ್ತದೆ. ಹಕ್ಕು ಎಂದಿರಿ. ತಗೊಳ್ಳಿ.

ಅಪ್ಪ ಬೆಚ್ಚಲಿಲ್ಲ. ನನ್ನನ್ನು ನೋಡಿ, ತಲೆಯ ಮೇಲೆ ಕೈಯಿಟ್ಟು, "ಬಂದೆಯಾ" ಅಂದರು. ಆರು ವರ್ಷ ಕಾದ ಮಾತು.

"ಅಪ್ಪಾ, ನಾನು ಬದುಕಿದೀನಿ" ಅಂದೆ. ಕೈ ತೆಗೆದುಕೊಂಡು ನನ್ನ ಕೆನ್ನೆಗೆ ಒತ್ತಿದೆ. "ನೋಡಿ, ಬಿಸಿ ಇದೀನಿ."

ಅವರು ಮರುಕದಿಂದ ನೋಡಿದರು. "ಹೂಂ ಮಗಳೇ. ಆತ್ಮಗಳೆಲ್ಲ ಹಾಗೇ ಅಂದ್ಕೊಂಡಿರ್ತವಂತೆ. ಯಾರೂ ಹೇಳಿರಲ್ಲ ನೋಡು ಪಾಪ, ಅವಕ್ಕೆ."

ನಾನು ಎಷ್ಟು ಹೇಳಿದರೂ ಅಷ್ಟೇ. ನೀವು ಮಾಡಿದ್ದು ಯಾವುದೂ ಕಳಪೆಯಲ್ಲ, ನಿಜ. ನನ್ನನ್ನು ಎಷ್ಟು ಗಟ್ಟಿಯಾಗಿ ಸಾಯಿಸಿದ್ದೀರೆಂದರೆ, ನಾನೇ ಬಂದು ನಿಂತರೂ ಅದು ಬಿಚ್ಚುವುದಿಲ್ಲ. ಆಮೇಲೆ ಅವರು ದನಿ ತಗ್ಗಿಸಿದರು.

"ಅಮ್ಮ ನಿನ್ನ ಜೊತೇಲೇ ಇದಾಳಲ್ವಾ?"

"ಅಮ್ಮ ಪಿಕಪ್ಪಲ್ಲಿ ಕೂತಿದಾರಲ್ಲಪ್ಪಾ."

ತಿರುಗಿ ನೋಡಿದರು. ನೀವು ಗಾಜು ಒರೆಸುತ್ತಿದ್ದಿರಿ.

"ಅವರಾ? ಅವರು ಕೆಲಸಕ್ಕೆ ಬಂದಿರೋರು ಕಣೇ. ಡಾಕ್ಟ್ರು ಗೊತ್ತು ಮಾಡಿರಬೇಕು. ಬಿಸಿ ಬೂದೀಲಿ ರೊಟ್ಟಿ ಎರ್ಸಿಲಿಯಾ ಥರಾನೇ ಸುಡ್ತಾರೆ. ಬಾಯಿ ಸ್ವಲ್ಪ ಜೋರು, ಆದ್ರೆ ನಿಯತ್ತಿನ ಹೆಂಗಸು. ಪರರ ಹೆಂಗಸಿನ ಜೊತೆ ಒಂದೇ ಡೇರೇಲಿ ಮಲಗೋದು ಸಂಕಟ, ಏನ್ ಮಾಡೋದು, ಮಳೆ. ನಿಮ್ಮಮ್ಮಂಗೆ ಹೇಳು, ನಾನು ಆ ಕಡೆ ಮುಖ ಮಾಡ್ಕೊಂಡೇ ಮಲಗ್ತೀನಿ ಅಂತ."

"ಅಪ್ಪಾ, ಅವರೇ ಅಮ್ಮ."

"ಹುಚ್ಚಿ. ಎರ್ಸಿಲಿಯಾ ಇದ್ದಿದ್ರೆ ನಿನ್ನ ಸಾಯಕ್ಕೆ ಬಿಡ್ತಿದ್ಲಾ? ಆ ಬಸ್ಸನ್ನೇ ಹೆಗಲ ಮೇಲೆ ಹೊತ್ತು ಹಳ್ಳದಿಂದ ತರ್ತಿದ್ಲು. ನೀನು ಸತ್ತಿದೀಯ ಅಂದ್ಮೇಲೆ ಅವಳು ಮೊದಲೇ ಹೋಗಿರಬೇಕು. ಯಾರೂ ನಂಗೆ ಹೇಳಿಲ್ಲ, ನಾನೇ ಲೆಕ್ಕ ಹಾಕ್ದೆ."

ಅವರು ಬೇಡಿಕೊಂಡದ್ದು ಇಷ್ಟು: ನಿಮ್ಮ ಹೆಸರನ್ನೂ ನನ್ನ ಗೂಡಿನ ಮೇಲೆ ಬರೆದುಕೊಳ್ಳಬೇಕು. ಇಬ್ಬರಿಗೂ ಒಂದೇ ಬತ್ತಿ ಸಾಕಂತೆ, ಮಳೆಯಲ್ಲಿ ಎರಡು ಉಳಿಯುವುದಿಲ್ಲವಂತೆ.

ಆತ್ಮಕ್ಕೆ ಇಟ್ಟ ಬೇಡಿಕೆಯನ್ನು ತಳ್ಳಿಹಾಕುವ ಹಾಗಿಲ್ಲ. ನೀವು ಹೋದ ಮೇಲೆ ಎಲಿಯೆಸೆರನ ಬಾರ್ಜಿನ ಬಣ್ಣದಲ್ಲಿ ಬರೆದೆ. ನನ್ನ ಹೆಸರಿನ ಕೆಳಗೆ ನಿಮ್ಮದು. ಬದುಕಿರುವವರನ್ನು ಗೂಡಿಗೆ ಹಾಕುವುದು ಇಷ್ಟು ಸುಲಭ ಎಂದು ನಿಮ್ಮಿಂದಲೇ ಕಲಿತದ್ದು.

ಮಿರ್ತಾ


ಲಾ ಉನಿಯೋನ್
30 ಮೇ

ಮಿರ್ತಾ,

ನೀನು ಬರೆದದ್ದು ಸುಳ್ಳೆಂದು ತೀರ್ಮಾನಿಸಿದ್ದೆ. ಅಷ್ಟು ಕ್ರೂರವಾದ ಸುಳ್ಳನ್ನು ಹೆಣೆಯಲು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಸಾಧ್ಯ ಎಂದು ಒಂದು ಬಗೆಯ ಹೆಮ್ಮೆಯೂ ಆಯಿತು. ಇಡೀ ತಿಂಗಳು ಉತ್ತರ ಬರೆಯಲಿಲ್ಲ. ಬೆಳಿಗ್ಗೆ ಬುರುಡೆ ತುಂಬಿ ಕೊಡುತ್ತಿದ್ದೆ, ಅವರು ಹೀರಿ ಧನ್ಯವಾದ ಎನ್ನುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ.

ನಿನ್ನೆ ತಿರುವಿಗೆ ಹೋದೆವು. ಈ ಸಲ ನಾನೂ ಇಳಿದೆ. ನೀನು ಬರೆದ ಅಕ್ಷರ ನೋಡಿದೆ. ಅವರು ಬತ್ತಿ ಹಚ್ಚಿ, ಗಾಳಿಗೆ ಕೈ ಅಡ್ಡ ಹಿಡಿದು, ಮೊದಲು ನಿನ್ನ ಹೆಸರು ಮುಟ್ಟಿದರು, ಆಮೇಲೆ ನನ್ನದು. ನನ್ನದರ ಮೇಲೆ ಬೆರಳು ಹೆಚ್ಚು ಹೊತ್ತು ಇತ್ತು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನನ್ನ ತೋಳು ಅವರ ತೋಳಿಗೆ ತಾಗುತ್ತಿತ್ತು. ಅವರು ಸಭ್ಯವಾಗಿ ಸ್ವಲ್ಪ ಸರಿದುಕೊಂಡರು.

"ನಿಮ್ಮೋರು ಯಾರಾದ್ರೂ ಹೀಗೇ ಹೋಗಿದಾರಾ, ದೋನ್ಯಾ?"

"ಹೂಂ" ಎಂದೆ. "ಒಬ್ಬಳು ಮಗಳು."

"ಪಾಪ. ನಿಮ್ಮ ಯಜಮಾನ್ರು?"

"ಅವರೂ."

ಅವರು ಟೋಪಿ ತೆಗೆದರು. ನನ್ನ ಗಂಡ ನನಗಾಗಿ, ನನ್ನ ಗಂಡನ ಸಾವಿಗಾಗಿ, ಮಳೆಯಲ್ಲಿ ಟೋಪಿ ತೆಗೆದು ನಿಂತರು. ಆಮೇಲೆ ಹೇಳಿದರು, "ನೀವು ಗಟ್ಟಿ ಹೆಂಗಸು. ನಮ್ಮ ಎರ್ಸಿಲಿಯಾ ನಿಮಗಿಂತ ಗಟ್ಟಿ. ಆದ್ರೆ ಮಗಳ ವಿಷಯದಲ್ಲಿ ಮೇಣ."

ನಾನು ಅವರನ್ನು ತಿದ್ದಲಿಲ್ಲ.

ನೀನು ಬಳಸಿದ ಬಣ್ಣ ಕಳಪೆ. ಬಾರ್ಜಿಗೆ ಸರಿ, ಹಲಗೆಗೆ ನಿಲ್ಲುವುದಿಲ್ಲ. ಎರಡೇ ತಿಂಗಳಲ್ಲಿ ನನ್ನ ಹೆಸರಿನ ಅರ್ಧ ತೊಳೆದುಹೋಗಿತ್ತು. ಅವರು ಪಿಕಪ್ಪಿನಲ್ಲಿ ಕೂತ ಮೇಲೆ ನಾನು ಮನೆಯಿಂದ ತಂದಿದ್ದ ಬಿಳಿ ಬಣ್ಣದಲ್ಲಿ ಒಂದೊಂದೇ ಅಕ್ಷರವನ್ನು ಮತ್ತೆ ತುಂಬಿದೆ, ಎರಡು ಕೈ ಬಳಿದೆ. ಇನ್ನು ಅಳಿಸುವುದಿಲ್ಲ.

ಪ್ರತಿ ತಿಂಗಳ ಕೊನೆಯ ಭಾನುವಾರ ಬರುತ್ತೇವೆ. ಅವರು ನಿನ್ನನ್ನು ಕಾಯುತ್ತಾರೆ. ನೀನು ಬರಬಹುದು. ಬದುಕಿದ್ದೇನೆ ಎಂದು ಹೇಳಿ ಅವರನ್ನು ಮತ್ತೆ ಸುಸ್ತು ಮಾಡಬೇಡ. ಒಣಗಿದ ಬಟ್ಟೆ ಹಾಕಿಕೊಂಡು ಬಾ. ನೆನೆದಿದ್ದರೆ ಅವರು ಮತ್ತೆ ಸೂರಿಗೆ ಮೊಳೆ ಹೊಡೆಯಲು ಹೊರಡುತ್ತಾರೆ, ಮಳೆಯಲ್ಲಿ ಸುತ್ತಿಗೆ ಹಿಡಿದು ನಿಲ್ಲಬೇಕಾದವಳು ನಾನು.

ಇಂತಿ,
ನಿನ್ನಪ್ಪನ ಮನೆಯ ಕೆಲಸದವಳು